ಐದು ಚೀಟಿ, ಒಂದು ಡಬ್ಬಿ

ಸಂಖ್ಯಾಶಾಸ್ತ್ರ ಪಾಠ ಮಾಡಲು ಶುರುಮಾಡಿದ ಹೊಸತರಲ್ಲಿ ತರಗತಿಯಲ್ಲಿ ಒಂದು ತಪ್ಪು ಹೇಳಿಬಿಟ್ಟಿದ್ದೆ: 'ಸ್ಯಾಂಪಲ್ ದೊಡ್ಡದಾದಷ್ಟೂ ಅಂಕಿಗಳು ಗಂಟೆಯ ಆಕಾರಕ್ಕೆ (ನಡುವೆ ಎತ್ತರ, ಎರಡೂ ಬದಿ ಇಳಿಜಾರು) ಬರುತ್ತವೆ.' ಎಲ್ಲರೂ ಬರೆದುಕೊಂಡರು. ಒಬ್ಬಳು ಮಾತ್ರ ಮರುದಿನ 64 ಅಂಕಿಗಳ ಸ್ತಂಭಾಲೇಖ ಬರೆದು ತಂದು, "ಸರ್, ಇದರಲ್ಲಿ ಗಂಟೆ ಎಲ್ಲಿದೆ?" ಎಂದಳು. ಇರಲಿಲ್ಲ. ಅಂಕಿಗಳನ್ನು ತೆಗೆದ ಇಡೀ ಗುಂಪೇ, ಅಂದರೆ ಸಮಷ್ಟಿಯೇ, ಒಂದು ಕಡೆಗೆ ವಾಲಿತ್ತು, ಸ್ಯಾಂಪಲ್ಲೂ ಹಾಗೇ ವಾಲಿತ್ತು. ಗಂಟೆಯಾಗುವುದು ಅಂಕಿಗಳಲ್ಲ, ಇಂಥ ಹಲವು ಸ್ಯಾಂಪಲ್ಲುಗಳ ಸರಾಸರಿಗಳು. ಅದನ್ನು ನಾನೇ ಕಲಸಿಬಿಟ್ಟಿದ್ದೆ.

ಆಮೇಲೆ ಸೂತ್ರವನ್ನು ಪಕ್ಕಕ್ಕಿಟ್ಟು ಡಬ್ಬಿ ಹಿಡಿದೆ. ಒಳಗೆ ಐದೇ ಚೀಟಿ: ನಾಲ್ಕರ ಮೇಲೆ 1, ಒಂದರ ಮೇಲೆ 6. ಸರಾಸರಿ 2, ಮಾನಕ ವಿಚಲನೆಯೂ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 2. ಲೆಕ್ಕ ಸಲೀಸಾಗಲೆಂದೇ ಆರಿಸಿದ್ದು. ಚೀಟಿ ಎತ್ತು, ನೋಡು, ವಾಪಸ್ ಹಾಕು, ಕುಲುಕು. ನಾಲ್ಕು ಸಲ ಎತ್ತಿ ಸರಾಸರಿ ತೆಗೆದು ಬೋರ್ಡಿನ ಮೇಲೆ ಒಂದು ಚುಕ್ಕಿ ಇಡು.

ಬರಬಹುದಾದ ಸರಾಸರಿಗಳು ಐದೇ: 1, 2.25, 3.5, 4.75, 6. ನಿಜವಾದ ಸರಾಸರಿ 2 ಯಾರ ಕೈಗೂ ಸಿಗುವುದಿಲ್ಲ! ಇದು ಹುಡುಗರಿಗೆ ಬಲು ಇಷ್ಟ. ನಾಲ್ಕು ಸಲವೂ 1 ಬರುವ ಸಂಭವ 0.4096, ಒಂದೇ ಒಂದು 6 ಬರುವ ಸಂಭವವೂ ಅಷ್ಟೇ, ಹಾಗಾಗಿ ಚುಕ್ಕಿಗಳ ದೊಡ್ಡ ಗುಡ್ಡೆಗಳೆರಡೂ ಎಡಗಡೆಯ 1 ಮತ್ತು 2.25ರಲ್ಲೇ. ಇನ್ನೂ ಗಂಟೆಯಿಲ್ಲ. ಹದಿನಾರು ಸಲ ಎತ್ತಿದಾಗ ಗುಡ್ಡೆ 2ರ ಆಸುಪಾಸಿಗೆ ಸರಿಯುತ್ತದೆ, ಎರಡೂ ಬದಿ ಇಳಿಜಾರು ಕಾಣಿಸುತ್ತದೆ. ಚುಕ್ಕಿಗಳ ಹರವು ನಾಲ್ಕು ಸಲ ಎತ್ತಿದಾಗ 1 ಇದ್ದದ್ದು ಈಗ ಅರ್ಧ: ಮಾನಕ ವಿಚಲನೆ 2ನ್ನು 16ರ ವರ್ಗಮೂಲದಿಂದ ಭಾಗಿಸಿದಷ್ಟು. ಇದೇ ಸ್ಟ್ಯಾಂಡರ್ಡ್ ಎರರ್ ಎಂದು ಹೆಸರು ಹೇಳುವುದು ಆಗಲೇ, ಅದಕ್ಕೆ ಮೊದಲಲ್ಲ.

ಹೆಚ್ಚು ಜನ ಎಡವುವ ಜಾಗ ಇನ್ನೊಂದಿದೆ. ಚುಕ್ಕಿಗಳು ಮೂವತ್ತಿರಲಿ, ಮುನ್ನೂರಿರಲಿ, ಹರವು ಕುಗ್ಗುವುದಿಲ್ಲ. ಚಿತ್ರ ನಿಚ್ಚಳವಾಗುತ್ತದೆ, ಅಷ್ಟೇ. ಕುಗ್ಗಬೇಕಾದರೆ ಒಂದೊಂದು ಚುಕ್ಕಿಯ ಹಿಂದೆಯೂ ಹೆಚ್ಚು ಚೀಟಿ ಎತ್ತಿರಬೇಕು. ಇದನ್ನು ಬಾಯಲ್ಲಿ ಹೇಳಿದರೆ ತಲೆಯಾಡಿಸುತ್ತಾರೆ, ಪರೀಕ್ಷೆಯಲ್ಲಿ ತಪ್ಪು ಬರೆಯುತ್ತಾರೆ. ಹಾಗಾಗಿ ಮುನ್ನೂರನ್ನೂ ಇಡಿಸುತ್ತೇನೆ.

ಇದೇನು ಮಕ್ಕಳಾಟ ಎಂದು ಮೂಗು ಮುರಿದವರಿಗೆ ಸಂಖ್ಯಾಶಾಸ್ತ್ರಜ್ಞ ಗಾಸೆಟ್ ವಿಷಯ ಹೇಳುತ್ತೇನೆ. 'ಸ್ಟೂಡೆಂಟ್' ಎಂಬ ಹೆಸರಲ್ಲಿ 1908ರಲ್ಲಿ ಲೇಖನ ಬರೆದ ಆತ, 3000 ಕೈದಿಗಳ ಅಳತೆಗಳನ್ನು ರಟ್ಟಿನ ತುಂಡುಗಳ ಮೇಲೆ ಬರೆದು, ಕಲೆಸಿ, ನಾಲ್ಕು ನಾಲ್ಕರಂತೆ 750 ಸ್ಯಾಂಪಲ್ ಮಾಡಿ ತನ್ನ ಲೆಕ್ಕವನ್ನು ಒರೆಗೆ ಹಚ್ಚಿದ್ದ.

ಒಂದು ವರ್ಷ ಮಾತ್ರ ಆಟ ಕೆಟ್ಟಿತು. ಚುಕ್ಕಿಗಳೆಲ್ಲ 3ರ ಸುತ್ತ ಬಂದವು. ಚೀಟಿ ಹೆಚ್ಚು ಎತ್ತಿಸಿದೆ. ಗುಡ್ಡೆ ಚೆನ್ನಾಗಿಯೇ ಸಣ್ಣದಾಯಿತು, ಆದರೆ 3ರ ಸುತ್ತಲೇ. ಡಬ್ಬಿ ಸುರುವಿ ನೋಡಿದರೆ, ಹಳೆಯ 6 ಹರಿದಿತ್ತೆಂದು ನಾನೇ ಬೇರೆ ಕಾಗದದಲ್ಲಿ ಬರೆದಿದ್ದೆ. ದಪ್ಪ ಕಾಗದ, ಬೆರಳಿಗೆ ಮೊದಲು ತಾಗುತ್ತಿತ್ತು. ವರ್ಗಮೂಲಕ್ಕೆ ಅದೇನು ಗೊತ್ತು?