ಕಾರಿಲ್ಲದಿದ್ದರೂ ಹೋಪ್ ವ್ಯಾಲಿಗೆ ಹೋಗಿಬನ್ನಿ: ಹೊಸಬರಿಗೆ ಮಾರ್ಗದರ್ಶಿ

ಶೆಫೀಲ್ಡ್‌ಗೋ ಮ್ಯಾಂಚೆಸ್ಟರ್‌ಗೋ ಬಂದಿಳಿದ ಕುಟುಂಬಗಳು ಮನೆ, ಶಾಲೆ, ಡಾಕ್ಟರ ಬಳಿ ನೋಂದಣಿ ಎಲ್ಲ ಮುಗಿದ ಮೇಲೆ ನಮ್ಮ ಸಂಘದಲ್ಲಿ ಕೇಳುವುದು, "ಶನಿವಾರ ಮಕ್ಕಳನ್ನು ಎಲ್ಲಿಗೆ ಕರ್ಕೊಂಡು ಹೋಗೋಣ, ಕಾರು ಇನ್ನೂ ತಗೊಂಡಿಲ್ಲ" ಎಂದು. ನಾವು ಹೇಳುವುದು ಹೋಪ್ ವ್ಯಾಲಿ. ಎರಡೂ ನಗರಗಳ ನಡುವೆ, ಡರ್ಬಿಶೈರ್‌ನ ಪೀಕ್ ಡಿಸ್ಟ್ರಿಕ್ಟ್ ಒಳಗಿರುವ ಕಣಿವೆ ಇದು. ರಾಷ್ಟ್ರೀಯ ಉದ್ಯಾನ ಅಂದ ಕೂಡಲೇ ಅಭಯಾರಣ್ಯ, ಸಫಾರಿ ಜೀಪು ಅಂದುಕೊಳ್ಳಬೇಡಿ. 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾದ ಈ ಪ್ರದೇಶದಲ್ಲಿ ಊರುಗಳಿವೆ, ಹೊಲಗಳಿವೆ, ಶಾಲೆ, ಅಂಚೆ ಕಚೇರಿ, ಅಂಗಡಿಗಳೂ ಇವೆ. ಒಳಗೆ ಹೋಗಲು ಟಿಕೆಟ್ಟಿಲ್ಲ.

ಎರಡು ನಗರಗಳ ನಡುವಿನ ರೈಲು ಇದೇ ಕಣಿವೆಯಲ್ಲಿ ಹಾದುಹೋಗುತ್ತದೆ. ಎಡೇಲ್, ಹೋಪ್, ಬ್ಯಾಮ್‌ಫರ್ಡ್, ಹ್ಯಾದರ್ಸೇಜ್, ಗ್ರಿಂಡಲ್‌ಫರ್ಡ್ ಎಂದು ಐದು ನಿಲ್ದಾಣಗಳು. ಎಲ್ಲ ಕಡೆ ನಿಲ್ಲುವ ನಿಧಾನದ ಗಾಡಿಯನ್ನೇ ಹತ್ತಿ, ವೇಗದ ಗಾಡಿಗಳು ಈ ಹಳ್ಳಿಗಳನ್ನು ದಾಟಿ ಸೀದಾ ಹೋಗಿಬಿಡುತ್ತವೆ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಐದರಿಂದ ಹದಿನೈದರವರೆಗೆ ಅರ್ಧ. ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಮಾಡಿಸಿಕೊಂಡರೆ ದೊಡ್ಡವರ ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ, ಮಕ್ಕಳದರಲ್ಲಿ ಶೇ. 60 ಕಡಿಮೆ, ಜೊತೆಯಲ್ಲಿ ಮಗುವೊಂದು ಇರಲೇಬೇಕು. ಗುಹೆಗಳಿರುವ ಊರು ಕಾಸಲ್‌ಟನ್‌ಗೆ ಮಾತ್ರ ರೈಲಿಲ್ಲ, ಶೆಫೀಲ್ಡ್‌ನಿಂದ 272ನೇ ನಂಬರಿನ ಬಸ್ಸಿದೆ. ವಾಪಸಿನ ಕೊನೆಯ ಗಾಡಿಯ ಸಮಯವನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ.

ಕಾರು ಬಾಡಿಗೆಗೆ ತೆಗೆದುಕೊಳ್ಳುವವರಿಗೆ ಒಂದು ಮಾತು. ಇಲ್ಲಿ ವಾಸಕ್ಕೆ ಬಂದ ದಿನದಿಂದ ಹನ್ನೆರಡು ತಿಂಗಳು ಭಾರತದ ಲೈಸೆನ್ಸ್ ನಡೆಯುತ್ತದೆ. ಆದರೆ ಕಾಸಲ್‌ಟನ್ ಮೇಲಿನ ವಿನ್ನಾಟ್ಸ್ ಪಾಸ್ ತುಂಬ ಕಡಿದಾದ, ಇಕ್ಕಟ್ಟಾದ ರಸ್ತೆ, ನಡುವೆ ಕುರಿಗಳು ಬೇರೆ. ಇಲ್ಲಿನ ರಸ್ತೆಗೆ ಕೈ ಕೂರುವ ಮೊದಲು ಅಲ್ಲಿಗೆ ಹೋಗಬೇಡಿ.

ಕಾಸಲ್‌ಟನ್‌ನಲ್ಲಿ ನೋಡಲು ನಾಲ್ಕು ಗುಹೆಗಳಿವೆ, ನಾಲ್ಕಕ್ಕೂ ಬೇರೆ ಬೇರೆ ಸ್ವಭಾವ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಪೀಕ್ ಕ್ಯಾವರ್ನ್‌ಗೆ ಹೋಗಿ. ಹಳ್ಳಿಯ ಮನೆಗಳ ಸಂದಿಯಲ್ಲಿ, ತೊರೆಯ ಪಕ್ಕದಲ್ಲೇ ನಡೆದರೆ ಗುಹೆಯ ಬಾಯಿ ಎದುರಾಗುತ್ತದೆ. ಆ ಬಾಯಿಯ ಒಳಗೇ ಹಗ್ಗ ಹೊಸೆಯುವವರು ನಾನೂರು ವರ್ಷ ಕೆಲಸ ಮಾಡಿದರು, ಕೆಲವರು ಅಲ್ಲೇ ಮನೆ ಕಟ್ಟಿಕೊಂಡಿದ್ದರು. ಮಸಿ ಹಿಡಿದ ಚಾವಣಿಯನ್ನು ತಲೆಯೆತ್ತಿ ನೋಡಿ. ಸ್ಪೀಡ್‌ವೆಲ್ ಹಳೆಯ ಸೀಸದ ಗಣಿ. 106 ಮೆಟ್ಟಿಲಿಳಿದು ನೆಲದಡಿಯ ಕಾಲುವೆಯಲ್ಲಿ ದೋಣಿಯಲ್ಲಿ ಹೋಗುವುದು. ಮಕ್ಕಳಿಗೆ ಇದೇ ಇಷ್ಟ. ಬ್ಲೂ ಜಾನ್ ಕ್ಯಾವರ್ನ್‌ನಲ್ಲಿ 245 ಮೆಟ್ಟಿಲು, ಮಂಡಿನೋವಿನವರಿಗೆ ಬೇಡವೇ ಬೇಡ. ಟ್ರೀಕ್ ಕ್ಲಿಫ್‌ನಲ್ಲಿ ಗೋಡೆಯಲ್ಲೇ ಬ್ಲೂ ಜಾನ್ ಕಲ್ಲಿನ ಎಳೆಗಳು ಕಾಣುತ್ತವೆ. ಬೇಸಿಗೆಯಲ್ಲೂ ಒಳಗೆ ಚಳಿ, ಸ್ವೆಟರ್ ಮರೆಯಬೇಡಿ.

ನೇರಳೆ, ಹಳದಿ ಪಟ್ಟೆಗಳ ಆ ಬ್ಲೂ ಜಾನ್ ಈ ಊರಿನ ಗುಡ್ಡದಲ್ಲಿ ಮಾತ್ರ ಸಿಗುವ ಕಲ್ಲು. ಬೀದಿಯ ಅಂಗಡಿಗಳಲ್ಲಿ ಅದರ ಉಂಗುರ, ಪದಕ, ಓಲೆ ಮಾರುತ್ತಾರೆ. ಕೊಳ್ಳುವಾಗ ಒಂದೆರಡು ತುಣುಕನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಪಟ್ಟೆಗಳು ಆಗ ತೆರೆದುಕೊಳ್ಳುತ್ತವೆ. ಮೆದು ಕಲ್ಲು, ಬೇಗ ಗೀರು ಬೀಳುತ್ತದೆ. ದಿನಾ ಪಾತ್ರೆ ತೊಳೆಯುವ ಕೈಗೆ ಉಂಗುರಕ್ಕಿಂತ ಓಲೆ, ಪದಕವೇ ವಾಸಿ.

ಊರ ಮೇಲೆ ಪೆವೆರಿಲ್ ಕೋಟೆ ಇದೆ, ಅದರ ಗೋಪುರವನ್ನು 1176ರಲ್ಲಿ ಎರಡನೇ ಹೆನ್ರಿ ಕಟ್ಟಿಸಿದ. ಏರು ಜಾಸ್ತಿ. ನಮ್ಮನ್ನು ಕೇಳಿದರೆ ಅದಕ್ಕಿಂತ ಮ್ಯಾಮ್ ಟಾರ್ ಗುಡ್ಡ ಹತ್ತಿ. 517 ಮೀಟರ್ ಎತ್ತರ ಅಂತ ಹೆದರಬೇಡಿ, ನ್ಯಾಷನಲ್ ಟ್ರಸ್ಟ್‌ನ ಪಾರ್ಕಿಂಗ್‌ನಿಂದ ಕಲ್ಲು ಹಾಸಿದ ದಾರಿ ತುದಿಯವರೆಗೂ ಇದೆ. ಕೆಳಗಿನ ಹಳೆಯ ಹೆದ್ದಾರಿಯನ್ನು ಮಕ್ಕಳಿಗೆ ತೋರಿಸಲೇಬೇಕು. ಗುಡ್ಡ ಕುಸಿಯುತ್ತಲೇ ಇದ್ದುದರಿಂದ 1979ರಲ್ಲಿ ಅದನ್ನು ಮುಚ್ಚಿದರು. ಒಡೆದು ಜಾರಿದ ರಸ್ತೆಯ ಅಂಚಿನಲ್ಲಿ, ರಿಪೇರಿಗೆಂದು ಪ್ರತಿ ಸಲ ಹಾಕಿದ ಡಾಂಬರು ಒಂದರ ಮೇಲೊಂದು ಪದರವಾಗಿ ಕಾಣುತ್ತದೆ.

ಬ್ಯಾಮ್‌ಫರ್ಡ್ ಬಳಿ ಲೇಡಿಬೋವರ್ ಜಲಾಶಯವಿದೆ. 1935ರಿಂದ 1943ರವರೆಗೆ ಕಟ್ಟಿದ ಈ ಅಣೆಕಟ್ಟೆಗೆ ಡರ್ವೆಂಟ್, ಆಶಪ್‌ಟನ್ ಎಂಬ ಎರಡು ಊರು ಮುಳುಗಿದವು. ಡರ್ವೆಂಟ್ ಚರ್ಚಿನ ಗೋಪುರ ಮಾತ್ರ ನೀರಿನ ಮೇಲೆ ನಿಂತಿತ್ತು, 1947ರಲ್ಲಿ ಅದನ್ನೂ ಸಿಡಿಸಿದರು. ಶರಾವತಿ ಮುಳುಗಡೆಯ ಮನೆತನಗಳಿಂದ ಬಂದವರು ನಮ್ಮಲ್ಲಿದ್ದಾರೆ. ಅವರು ಈ ದಡದಲ್ಲಿ ಬೇಗ ಎದ್ದು ಹೊರಡುವುದಿಲ್ಲ. ನೀರು ಇಳಿದ ವರ್ಷ ಹಳೆಯ ಗೋಡೆಗಳು ಕಾಣುತ್ತವೆ, ಆದರೆ ಕೆಸರಿಗೆ ಇಳಿಯಬೇಡಿ. ಸಿಕ್ಕಿಕೊಂಡವರನ್ನು ರಕ್ಷಣಾ ತಂಡ ಎಳೆದು ತೆಗೆದದ್ದಿದೆ.

ಬ್ಯಾಮ್‌ಫರ್ಡ್‌ನ ಆಂಗ್ಲರ್ಸ್ ರೆಸ್ಟ್ ಎಂಬ ಪಬ್ಬನ್ನು ಮುಚ್ಚಿಹೋಗಲು ಬಿಡದೆ 2013ರಲ್ಲಿ ಊರವರೇ ಸೇರಿ ಕೊಂಡುಕೊಂಡರು. ಪಬ್ಬು, ಕೆಫೆ, ಅಂಚೆ ಕಚೇರಿ ಮೂರೂ ಒಂದೇ ಸೂರಿನಡಿ. ಪಬ್ ಅಂದರೆ ಹಿಂಜರಿಯುವ ಕುಟುಂಬಗಳು ಬಹಳ. ಹಳ್ಳಿಯ ಪಬ್ಬುಗಳಿಗೆ ಊಟದ ಹೊತ್ತಿನಲ್ಲಿ ಮಕ್ಕಳು ಮರಿ ಕಟ್ಟಿಕೊಂಡೇ ಜನ ಬರುತ್ತಾರೆ, ಬರೀ ಚಹಾ ಕುಡಿದು ಬಂದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಟೇಬಲ್ಲಿಗೆ ಬಂದು ಕೇಳುತ್ತಾರೆಂದು ಕಾಯದೆ ಕೌಂಟರಿನಲ್ಲೇ ಆರ್ಡರ್ ಕೊಡಿ. ಮಧ್ಯಾಹ್ನ ಎರಡು, ಎರಡೂವರೆಗೆ ಅಡುಗೆಮನೆ ಮುಚ್ಚಿ ಸಂಜೆ ತೆರೆಯುವ ಕಡೆ ಹೆಚ್ಚು.

ಸಸ್ಯಾಹಾರಿಗಳು ಬಾಯಿಬಿಟ್ಟು ಕೇಳಬೇಕು. ಚಿಪ್ಸನ್ನು ಕೆಲವೆಡೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಕೇಕು, ಬೇಕ್‌ವೆಲ್ ಪುಡಿಂಗ್‌ಗಳಲ್ಲಿ ಮೊಟ್ಟೆ ಇರುತ್ತದೆ. ಕೆಲವು ಚೀಸ್‌ಗಳಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಪೊಟ್ಟಣದ ಮೇಲೆ ಸಸ್ಯಾಹಾರಿ ಗುರುತು ನೋಡಿ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗುವುದು ಒಳ್ಳೆಯದೇ. ಹಾಗಿದ್ದರೂ ಹಾಲು, ಬ್ರೆಡ್ಡು, ಹಣ್ಣನ್ನು ನಗರದ ಸೂಪರ್‌ಮಾರ್ಕೆಟ್ಟಿನಿಂದ ಹೊರದೆ ಹಳ್ಳಿಯ ಅಂಗಡಿಯಲ್ಲೇ ಕೊಳ್ಳಿ ಎಂದು ಕೈಮುಗಿದು ಕೇಳುತ್ತೇವೆ. ಎರಡು ಕಾಸು ಹೆಚ್ಚಾಗಬಹುದು. ಅಲ್ಲಿನ ವಯಸ್ಸಾದವರಿಗೆ ನಡೆದು ಹೋಗುವಷ್ಟು ದೂರದಲ್ಲಿರುವುದು ಅದೊಂದೇ ಅಂಗಡಿ, ನಮ್ಮಂಥ ಪ್ರವಾಸಿಗರ ವ್ಯಾಪಾರವೂ ಸೇರಿದರೇ ಅದು ನಡೆಯುವುದು. ರಸ್ತೆ ಬದಿಯಲ್ಲಿ ಮೊಟ್ಟೆ, ಜಾಮ್ ಇಟ್ಟು ಪಕ್ಕದಲ್ಲಿ ದುಡ್ಡಿನ ಡಬ್ಬಿ ಇಟ್ಟಿರುತ್ತಾರೆ, ಕಾಯುವವರಿರುವುದಿಲ್ಲ. ಅದಕ್ಕೆಂದು ಚಿಲ್ಲರೆ ಇರಲಿ.

ಹ್ಯಾದರ್ಸೇಜ್‌ನಲ್ಲಿ ಬೆಟ್ಟ ಹತ್ತುವವರ ಬೂಟು, ಮಳೆಕೋಟು ಮಾರುವ ಅಂಗಡಿಗಳಿವೆ. ಮೊದಲ ಚಳಿಗಾಲಕ್ಕೆ ಮುಂಚೆ ಅಲ್ಲಿ ಕಾಲಿಗೆ ಹಾಕಿ ನೋಡಿ ಕೊಳ್ಳಿ. ಊರಾಚೆ ಡೇವಿಡ್ ಮೆಲ್ಲರ್ ಚಮಚ, ಫೋರ್ಕುಗಳ ಕಾರ್ಖಾನೆ ಇದೆ, ದುಂಡಗಿನ ಕಟ್ಟಡ. ಇಲ್ಲಿನ ಬೀದಿಗಳಲ್ಲಿ ನೀವು ದಿನಾ ನೋಡುವ ಟ್ರಾಫಿಕ್ ಸಿಗ್ನಲ್ ದೀಪದ ವಿನ್ಯಾಸವೂ ಅದೇ ಮೆಲ್ಲರ್ ಅವರದು. ಇದೇ ಊರಲ್ಲಿ 1936ರಲ್ಲಿ ಶುರುವಾದ ಬಯಲು ಈಜುಕೊಳವಿದೆ, ನೀರು ಬೆಚ್ಚಗಿರುತ್ತದೆ, ಮುಂಗಡ ಬುಕ್ ಮಾಡಿ.

ಹೊಸಬರು ನಮ್ಮನ್ನು ಸಣ್ಣ ದನಿಯಲ್ಲಿ ಕೇಳುವ ಇನ್ನೊಂದು ಪ್ರಶ್ನೆ: ರೈತನ ಹೊಲದೊಳಗೆ ಕಾಲಿಡಬಹುದಾ? ಹಳದಿ ಬಾಣದ ಗುರುತಿರುವ ದಾರಿಯಲ್ಲಿ ಧಾರಾಳವಾಗಿ ನಡೆಯಿರಿ, ಅದು ಕಾನೂನು ಕೊಟ್ಟ ಹಕ್ಕು, ನಿಮಗೂ ಸೇರಿದ್ದು. ಎಡೇಲ್ ಮೇಲಿನ ಕಿಂಡರ್ ಸ್ಕೌಟ್ ಗುಡ್ಡ ಒಂದು ಕಾಲಕ್ಕೆ ಬೇಟೆಯಾಡುವ ಧಣಿಗಳದ್ದು. 1932ರ ಏಪ್ರಿಲ್ 24ರಂದು ಕಾರ್ಮಿಕ ಯುವಕರು ಗುಂಪಾಗಿ ಅದನ್ನು ಹತ್ತಿದರು, ಐವರು ಜೈಲಿಗೆ ಹೋದರು. ಇವತ್ತು ಯಾರು ಬೇಕಾದರೂ ಹತ್ತಬಹುದು. ನೀವು ಮಾಡಬೇಕಾದ್ದು ಇಷ್ಟೇ: ನೀವು ತೆರೆದ ಗೇಟನ್ನು ಮತ್ತೆ ಮುಚ್ಚಿ, ಕುರಿಗಳನ್ನು ಓಡಿಸಬೇಡಿ, ಕಸ ವಾಪಸ್ ತನ್ನಿ. ಗುಡ್ಡದ ಮೇಲೆ ಹಲವು ಕಡೆ ಮೊಬೈಲ್ ಸಿಗ್ನಲ್ ಇಲ್ಲ, ಇಲ್ಲಿನ ನಕ್ಷೆ ಸಂಸ್ಥೆ ಆರ್ಡಿನೆನ್ಸ್ ಸರ್ವೆಯ ಓಎಲ್1 ಕಾಗದದ ನಕ್ಷೆ ಜೊತೆಗಿರಲಿ. ಡಿಸೆಂಬರಿನಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಏನಾದರೂ ಆದರೆ 999ಕ್ಕೆ ಕರೆ ಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಎಂದು ಕೇಳಿ. ಮೌಂಟನ್ ರೆಸ್ಕ್ಯೂ ತಂಡದವರೆಲ್ಲ ಸ್ವಯಂಸೇವಕರು, ದುಡ್ಡು ಕೇಳುವುದಿಲ್ಲ.