ಕ್ಲಾಸ್ ಒಂದು ಅಂದ್ರೆ ಸಣ್ಣ ಗಾಳಿ ಅಲ್ಲ: ಮಾರಿಷಸ್‌ನಲ್ಲಿ ಚಂಡಮಾರುತದ ತಿಂಗಳುಗಳು

ಮಾರಿಷಸ್‌ಗೆ ಬಂದ ಹೊಸದರಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅಂದ್ರೆ ಒಂದು ಅಂಕಿಯನ್ನು ತಪ್ಪಾಗಿ ಓದಿದ್ದು. 2018ರ ಜನವರಿ. ಬೆರ್ಗಿಟ್ಟಾ ಅನ್ನುವ ಚಂಡಮಾರುತ ಬರ್ತಾ ಇದೆ, ಕ್ಲಾಸ್ ಒಂದು ಎಚ್ಚರಿಕೆ ಕೊಟ್ಟಿದ್ದಾರೆ ಅಂತ ರೇಡಿಯೋದಲ್ಲಿ ಬಂತು. ಒಂದು ತಾನೇ, ನಾಲ್ಕು ಅಂದಾಗ ಹೆದರಿದರಾಯಿತು ಅಂದುಕೊಂಡು ನಾನು ಬಟ್ಟೆ ಒಗೆದು ತಾರಸಿಯಲ್ಲಿ ಒಣಹಾಕಿ ಬಂದೆ. ಕುಮಟಾ ಕಡೆಯವಳು ನಾನು. ಜೂನ್ ಜುಲೈನಲ್ಲಿ ವಾರಗಟ್ಟಲೆ ಸೂರ್ಯನ ಮುಖ ನೋಡದೆ ಬೆಳೆದವಳಿಗೆ ಮಳೆಗಾಳಿಯ ವಿಷಯದಲ್ಲಿ ಸ್ವಲ್ಪ ಅಹಂಕಾರ ಇರುತ್ತದೆ.

ಮೂರನೇ ಕ್ಲಾಸ್ ಬರುವ ಹೊತ್ತಿಗೆ ಅಂಗಡಿಯಲ್ಲಿ ಬ್ರೆಡ್ ಇರಲಿಲ್ಲ, ಮೇಣದ ಬತ್ತಿ ಇರಲಿಲ್ಲ, ಟಾರ್ಚಿನ ಸೆಲ್ಲೂ ಇರಲಿಲ್ಲ. ಆಮೇಲೆ ಅಂಗಡಿಯೇ ಇರಲಿಲ್ಲ, ಶಟರ್ ಎಳೆದು ಮನೆಗೆ ಹೋಗಿಬಿಟ್ಟಿದ್ದರು.

ಇಲ್ಲಿನ ಕ್ಲಾಸ್ ಗಾಳಿಯ ಬಲದ ಲೆಕ್ಕ ಅಲ್ಲವೇ ಅಲ್ಲ. ಅದು ಗಡಿಯಾರ. ಗಂಟೆಗೆ 120 ಕಿಲೋಮೀಟರ್ ವೇಗದ ಗಾಳಿ ಬೀಸುವುದಕ್ಕೆ ಇನ್ನು ಎಷ್ಟು ಹೊತ್ತಿದೆ ಅನ್ನುವುದನ್ನು ಅದು ಹೇಳುತ್ತದೆ. ಒಂದು ಅಂದರೆ ಸುಮಾರು 36ರಿಂದ 48 ಗಂಟೆ ಇದೆ. ಎರಡು ಅಂದರೆ, ಸಾಧ್ಯವಾದ ಮಟ್ಟಿಗೆ, ಹಗಲಿನ 12 ಗಂಟೆ ಕೈಯಲ್ಲಿದೆ. ಮೂರು ಅಂದರೆ ಹಗಲಿನ 6 ಗಂಟೆ. ನಾಲ್ಕು ಅಂದರೆ ಆ ಗಾಳಿ ಬಂದೇ ಬಿಟ್ಟಿದೆ. ಹಗಲಿನ ಗಂಟೆ ಅಂತ ಯಾಕೆ ಲೆಕ್ಕ ಹಾಕುತ್ತಾರೆ ಅಂತ ನನಗೆ ಆಮೇಲೆ ಹೊಳೆಯಿತು. ಕತ್ತಲಲ್ಲಿ ತಾರಸಿ ಹತ್ತಿ ಟ್ಯಾಂಕ್ ಕಟ್ಟೋಕಾಗಲ್ಲ, ಅಲ್ವಾ? ಹಾಗಾಗಿ ಭಯಂಕರ ಚಂಡಮಾರುತ ಬಂದರೂ ಮೊದಲು ಕ್ಲಾಸ್ ಒಂದೇ ಬರುತ್ತದೆ. ಅದು ಕೆಲಸ ಶುರು ಮಾಡು ಅನ್ನುವ ಗಂಟೆ. ಊರಿಂದ ಹೊಸದಾಗಿ ಯಾರಾದರೂ ಇಲ್ಲಿಗೆ ಬಂದರೆ ನಾನು ಮೊದಲು ಹೇಳುವುದು ಇದನ್ನೇ.

ನಾವಿರುವುದು ಕಾತ್ರ್ ಬೋರ್ನ್‌ನಲ್ಲಿ, ಸಮುದ್ರದಿಂದ ದೂರ, ಎತ್ತರದ ಜಾಗ. ಕೆಳಗಡೆ ಮನೆಯ ಒಡತಿ, ಎಪ್ಪತ್ತು ದಾಟಿದವರು. ಅವರ ಮುತ್ತಜ್ಜ ಬಿಹಾರದಿಂದ ಕಬ್ಬಿನ ಗದ್ದೆಗೆ ಬಂದವರಂತೆ. ಎಲ್ಲರೂ ಕರೆಯುವ ಹಾಗೆ ನಾವೂ ದಾದಿ, ಅಂದರೆ ಅಜ್ಜಿ, ಅಂತೇವೆ. 1960ರಲ್ಲಿ ಜನವರಿಗೆ ಆಲಿಕ್ಸ್, ಫೆಬ್ರುವರಿಗೆ ಕ್ಯಾರಲ್, ಹೀಗೆ ಎರಡು ತಿಂಗಳಲ್ಲಿ ಎರಡು ಚಂಡಮಾರುತ ಬಂದಾಗ ದಾದಿ ಚಿಕ್ಕ ಹುಡುಗಿ. ಕ್ಯಾರಲ್‌ನಲ್ಲಿ ಗಾಳಿಯ ಹೊಡೆತ ಗಂಟೆಗೆ 256 ಕಿಲೋಮೀಟರ್ ಮುಟ್ಟಿತ್ತು. ಅವರ ತಗಡಿನ ಮಾಡು ಹಾರಿಹೋಗಿ, ಮಂಚದ ಕೆಳಗೆ ಮಕ್ಕಳನ್ನೆಲ್ಲ ತುರುಕಿ ಕೂರಿಸಿದ್ದರಂತೆ. ನಡುವೆ ಗಾಳಿ ನಿಂತು ಆಕಾಶ ಬಿಳಿಯಾದಾಗ ಅಪ್ಪ ಹೊರಗೆ ಹೋಗಲು ಬಿಡಲಿಲ್ಲ. ಅದು ಚಂಡಮಾರುತದ ಕಣ್ಣು, ಕಣ್ಣು ದಾಟಿದ ಮೇಲೆ ಗಾಳಿ ಎದುರು ದಿಕ್ಕಿನಿಂದ ತಿರುಗಿ ಬರುತ್ತದೆ ಅಂತ ಅವರಿಗೆ ಗೊತ್ತಿತ್ತು. ಈ ದ್ವೀಪದಲ್ಲಿ ಎಲ್ಲಿ ನೋಡಿದರೂ ಚಪ್ಪಟೆ ಕಾಂಕ್ರೀಟ್ ಮನೆಗಳೇ ಇರುವುದಕ್ಕೆ ಆ ವರ್ಷ ದೊಡ್ಡ ಕಾರಣ. ಚಪ್ಪಟೆ ಸ್ಲ್ಯಾಬಿಗೆ ಇಲ್ಲಿಯವರು ದಾಲ್ ಅಂತಾರೆ. "ನಮ್ಮದು ದಾಲ್ ಮನೆ" ಅಂತ ದಾದಿ ಮೊದಲ ಸಲ ಹೇಳಿದಾಗ ನಾನು ತೊಗರಿಬೇಳೆ ನೆನಪಿಸಿಕೊಂಡು ನಕ್ಕಿದ್ದೆ.

ಈಗ ನನ್ನ ಪದ್ಧತಿ ಹೇಳುತ್ತೇನೆ. ಇಲ್ಲಿ ಚಂಡಮಾರುತದ ಕಾಲ ನವೆಂಬರ್‌ನಿಂದ ಮೇ 15ರ ತನಕ, ಜೋರು ಇರುವುದು ಜನವರಿಯಿಂದ ಮಾರ್ಚ್. ಅಂದರೆ ವರ್ಷದ ಅರ್ಧ ಭಾಗ ಹೆದರಿಕೊಂಡು ಇರೋಕಾಗಲ್ಲ. ಲೀಚಿ ಹಣ್ಣು ಅಂಗಡಿಗೆ ಬಂದ ವಾರ ನಾನು ಒಂದು ಪ್ಲಾಸ್ಟಿಕ್ ಡಬ್ಬ ಕೆಳಗಿಳಿಸುತ್ತೇನೆ. ಅದರಲ್ಲಿ ಟಾರ್ಚು, ಸೆಲ್ಲು, ಸಣ್ಣ ರೇಡಿಯೋ, ಪವರ್ ಬ್ಯಾಂಕ್, ಕಾಲು ನೋವಿನ ಮಾತ್ರೆ, ಒಂದಷ್ಟು ನೋಟು, ಪಾಸ್‌ಪೋರ್ಟ್ ಹಾಕಿದ ಕವರ್. ನೋಟು ಯಾಕೆಂದರೆ ಕರೆಂಟ್ ಹೋದರೆ ಎಟಿಎಂ ಇಲ್ಲ, ಕಾರ್ಡ್ ಉಜ್ಜುವ ಮಷಿನ್ನೂ ಇಲ್ಲ. ಗ್ಯಾಸಿನ ಎರಡನೇ ಸಿಲಿಂಡರ್ ತುಂಬಿಸಿ ಇಡುವುದೂ ಆಗಲೇ. ಎಚ್ಚರಿಕೆ ಬಂದ ಮೇಲೆ ಸಿಲಿಂಡರ್ ಹುಡುಕಿಕೊಂಡು ಹೋದವರ ಪಾಡು ನೋಡಿದ್ದೇನೆ, ನಾನೇ ಒಬ್ಬಳು.

ಕ್ಲಾಸ್ ಒಂದು ಬಂದ ದಿನ ಮೊದಲು ತಾರಸಿಗೆ. ಹೂಕುಂಡ, ಕುರ್ಚಿ, ಮಕ್ಕಳ ಸೈಕಲ್ ಎಲ್ಲ ಒಳಗೆ. ಆಮೇಲೆ ಅತಿ ಮುಖ್ಯವಾದದ್ದು, ಆದರೆ ಎಲ್ಲರೂ ಮರೆಯುವುದು: ತಾರಸಿಯ ನೀರು ಹೋಗುವ ತೂತು. ಒಂದು ವರ್ಷ ಮಾವಿನ ಎಲೆ ಅದಕ್ಕೆ ಅಡ್ಡ ಕೂತು, ಬೆಳಗಾಗುವುದರೊಳಗೆ ತಾರಸಿ ಕೆರೆಯಾಗಿ, ಮೆಟ್ಟಿಲ ಬಾಗಿಲ ಕೆಳಗಿನಿಂದ ನೀರು ಜಲಪಾತದ ಹಾಗೆ ಮನೆಯೊಳಗೆ ಇಳಿಯಿತು. ಗಾಳಿ ಏನೂ ಹಾಳು ಮಾಡಿರಲಿಲ್ಲ. ಹಾಳು ಮಾಡಿದ್ದು ನಾಲ್ಕು ಎಲೆ.

ನೀರಿನ ಟ್ಯಾಂಕ್ ಖಾಲಿ ಇರಬಾರದು. ಖಾಲಿ ಟ್ಯಾಂಕ್ ಬಲೂನಿನ ಹಾಗೆ ಹಾರುತ್ತದೆ, ತುಂಬಿದ್ದು ಅಲ್ಲಾಡುವುದಿಲ್ಲ. ಅದನ್ನು ತುಂಬಿಸಿದ ಮೇಲೂ ಬಕೆಟ್, ಕೊಡಪಾನ, ದೊಡ್ಡ ಪಾತ್ರೆ ಎಲ್ಲದರಲ್ಲೂ ನೀರು ಹಿಡಿದಿಡುತ್ತೇನೆ. ಮಳೆ ಇಷ್ಟು ಸುರಿದ ಮೇಲೂ ನಲ್ಲಿಯಲ್ಲಿ ನೀರು ಬರಲ್ವಾ ಅಂತ ಅಮ್ಮ ಕೇಳುತ್ತಾಳೆ. ಬರಲ್ಲ. ಪಂಪಿಗೆ ಕರೆಂಟ್ ಬೇಕು, ಹೊಳೆ ನೀರು ಕೆಂಪಾಗಿರುತ್ತದೆ, ಬಂದರೂ ಎರಡು ದಿನ ಕುಡಿಯುವ ಹಾಗಿರಲ್ಲ. ನನ್ನ ಲೆಕ್ಕದಲ್ಲಿ ಚಂಡಮಾರುತಕ್ಕೆ ತಯಾರಾಗುವುದು ಅಂದರೆ ಆ ರಾತ್ರಿಗಲ್ಲ, ಆಮೇಲಿನ ಮೂರು ದಿನಕ್ಕೆ. ರಾತ್ರಿ ಹೇಗೋ ಕಳೆಯುತ್ತದೆ.

ಇನ್ನು ಅಡುಗೆ. ಇಲ್ಲಿಯವರು ಡಬ್ಬಿ ಮೀನು, ಅಪೋಲೋ ನೂಡಲ್ಸ್ ಪೇರಿಸುತ್ತಾರೆ. ನಮ್ಮ ಮನೆಯಲ್ಲಿ ಅವಲಕ್ಕಿ. ಊರಿಂದ ಬರುವಾಗ ಮೂಟೆಗಟ್ಟಲೆ ತರುವ ಅವಲಕ್ಕಿಗೆ ಬೆಂಕಿಯೂ ಬೇಡ, ಜಾಸ್ತಿ ನೀರೂ ಬೇಡ. ಕಾಯಿ, ಬೆಲ್ಲ, ಒಂದು ಒಗ್ಗರಣೆ, ಮುಗಿಯಿತು. ಚಟ್ನಿಪುಡಿ, ಮಜ್ಜಿಗೆ ಮೆಣಸು, ಮಿಡಿ ಉಪ್ಪಿನಕಾಯಿ ಇದ್ದರೆ ಗಂಜಿಯಲ್ಲೇ ಎರಡು ದಿನ ದೂಡಬಹುದು. ಫ್ರಿಜ್ಜಿನ ಮೇಲಿನ ಭಾಗಕ್ಕೆ ಬಾಟಲಿಗಳಲ್ಲಿ ನೀರು ತುಂಬಿ ಗಟ್ಟಿ ಮಾಡಿಡುತ್ತೇನೆ, ಕರೆಂಟ್ ಹೋದ ಮೇಲೆ ಹಾಲು ಒಂದು ದಿನ ಜಾಸ್ತಿ ಬಾಳುತ್ತದೆ. ತರಕಾರಿ ಮಾತ್ರ ಮೊದಲೇ ಕೊಂಡಿಡಬೇಕು. ಚಂಡಮಾರುತ ಆದ ವಾರ ಹಸಿಮೆಣಸು, ಕೊತ್ತಂಬರಿ ಸೊಪ್ಪಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ಕ್ಲಾಸ್ ಎರಡು ಬಂದರೆ ಶಾಲೆ ಇಲ್ಲ. ಮಕ್ಕಳಿಗೆ ಅದು ಹಬ್ಬ. ಮೂರು ಬಂದರೆ ಆಫೀಸೂ ಇಲ್ಲ, ಬಸ್ಸೂ ಇಲ್ಲ, ದೊಡ್ಡವರಿಗೂ ಒಳಗೊಳಗೇ ಹಬ್ಬ. ಸೋಮವಾರ ಬರಲಿ ಅಂತ ಬೇಡಿಕೊಳ್ಳುವವರು ನಮ್ಮ ಆಫೀಸಿನಲ್ಲೇ ಇದ್ದಾರೆ. ದಾದಿ ಅಂಗಳದ ಹನುಮಂತನ ಗುಡಿಯ ಮುಂದಿನ ಬಿದಿರಿನಿಂದ ಕೆಂಪು ಬಾವುಟ ಬಿಚ್ಚಿ ಮಡಿಸಿಡುವುದೂ ಆಗಲೇ. ಈ ಬಾವುಟಕ್ಕೆ ಇಲ್ಲಿ ಝಂಡಿ ಅಂತಾರೆ, ಬೀದಿಗೆ ಹತ್ತು ಮನೆಯಲ್ಲಿ ಇರುತ್ತದೆ. ಝಂಡಿ ಇಳಿಯಿತು ಅಂದರೆ ನಾನೂ ಕಿಟಕಿಗೆ ಬಟ್ಟೆ ತುರುಕಲು ಶುರು ಮಾಡುತ್ತೇನೆ.

ಯಾವ ಕಿಟಕಿಗೆ ಅನ್ನುವುದನ್ನು ಕಲಿಸಿದ್ದೂ ದಾದಿಯೇ. ಭೂಮಧ್ಯರೇಖೆಯ ಈ ಕಡೆ ಚಂಡಮಾರುತ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತದೆ, ನಮ್ಮ ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರದವುಗಳಿಗೆ ಉಲ್ಟಾ. ಗಾಳಿಗೆ ಮುಖ ಕೊಟ್ಟು ನಿಂತರೆ ಚಂಡಮಾರುತದ ನಡು ನಿಮ್ಮ ಎಡಗಡೆ ಇರುತ್ತದೆ. ಅದು ದ್ವೀಪದ ಉತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹಾದು ಹೋದರೆ ಗಾಳಿ ಮೊದಲು ಆಗ್ನೇಯದಿಂದ, ಆಮೇಲೆ ಪೂರ್ವದಿಂದ, ಕೊನೆಗೆ ಈಶಾನ್ಯದಿಂದ. 2022ರ ಬತ್ಸಿರಾಯ್‌ನಲ್ಲಿ ನಾನು ಬಟ್ಟೆಯ ಮುದ್ದೆಗಳನ್ನು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಇದೇ ಲೆಕ್ಕದಲ್ಲಿ ಸಾಗಿಸಿದೆ, ಸರಿಯಾಗಿ ಕೆಲಸ ಮಾಡಿತು. ಗಾಜಿಗೆ ಅಡ್ಡಡ್ಡ ಟೇಪ್ ಅಂಟಿಸುವುದು ಮಾತ್ರ ಸುಮ್ನೆ. ಗಾಜು ಒಡೆಯುವುದನ್ನು ಅದು ತಡೆಯುವುದಿಲ್ಲ, ಆಮೇಲೆ ಅಂಟು ಕೆರೆಯುವ ಕೆಲಸ ಬೇರೆ.

ಆ ರಾತ್ರಿ ಹೇಗಿರುತ್ತದೆ ಅಂತ ಊರಲ್ಲಿ ಎಲ್ಲರೂ ಕೇಳುತ್ತಾರೆ. ನಿಜ ಹೇಳಬೇಕೆಂದರೆ ಮುಕ್ಕಾಲು ಪಾಲು ಬೇಜಾರು. ಹೊರಗೆ ಹೋಗುವಂತಿಲ್ಲ, ಸೆಕೆ, ಕಿಟಕಿ ತೆಗೆಯುವಂತಿಲ್ಲ, ಅಲ್ಯುಮಿನಿಯಂ ಚೌಕಟ್ಟಿನ ಸಂದಿಯಲ್ಲಿ ಗಾಳಿ ಯಾರೋ ಬಾಟಲಿ ಊದಿದ ಹಾಗೆ ಗಂಟೆಗಟ್ಟಲೆ ಊದುತ್ತಲೇ ಇರುತ್ತದೆ. ನಾವು ಕಿಟಕಿ ಇಲ್ಲದ ನಡುಕೋಣೆಯಲ್ಲಿ ಹಾಸಿಗೆ ಹಾಸಿ ಇಸ್ಪೀಟ್ ಆಡುತ್ತೇವೆ. ನಡುವೆ ಎಲ್ಲೋ ಒಂದು ತಗಡು ರಸ್ತೆಯ ಮೇಲೆ ಎಳೆದುಕೊಂಡು ಹೋದ ಸದ್ದು ಬಂದಾಗ ಎಲ್ಲರ ಮಾತು ನಿಲ್ಲುತ್ತದೆ. ಆ ತಗಡು ಯಾರದ್ದೋ ಮಾಡು ಇರಬಹುದು.

2023ರ ಫೆಬ್ರುವರಿಯ ಫ್ರೆಡ್ಡಿ ಆಸ್ಟ್ರೇಲಿಯಾ ಕಡೆ ಹುಟ್ಟಿ ಇಡೀ ಹಿಂದೂ ಮಹಾಸಾಗರ ದಾಟಿಕೊಂಡು ಬಂತು. ಎರಡು ವಾರ ದಿನಾ ನಕ್ಷೆ ನೋಡಿ ನೋಡಿ ಸಾಕಾಗಿ, ಕೊನೆಗೆ ಅದು 20ನೇ ತಾರೀಕು ನಮ್ಮ ಉತ್ತರಕ್ಕೆ ಹಾದು ಮಡಗಾಸ್ಕರ್ ಕಡೆ ಹೋಯಿತು. ನಮ್ಮ ಮನೆಯಲ್ಲಿ ಎರಡು ಬಾಳೆಗಿಡ ಬಿದ್ದದ್ದು ಬಿಟ್ಟರೆ ಏನೂ ಆಗಲಿಲ್ಲ. ಮಡಗಾಸ್ಕರ್‌ಗೆ ಅದು ಹೋಗಿ ಹೊಡೆಯಿತು, ಮೊಜಾಂಬಿಕ್‌ಗಂತೂ ಎರಡು ಸಲ. ನಾವು ಮಾತ್ರ ನಮ್ಮ ತಯಾರಿ ಜಾಸ್ತಿಯಾಯಿತು ಅಂತ ನಗಾಡಿಕೊಂಡೆವು.

ಆ ನಗುವಿಗೆ ಮರುವರ್ಷ ಉತ್ತರ ಸಿಕ್ಕಿತು. 2024ರ ಜನವರಿ 15, ಸೋಮವಾರ, ಬೆಲಾಲ್. ಅವತ್ತು ಅದರ ಕಣ್ಣು ಪಕ್ಕದ ರೆಯೂನಿಯನ್ ದ್ವೀಪದ ಮೇಲಿತ್ತು. ಬೆಳಿಗ್ಗೆ ಇನ್ನೂ ಕ್ಲಾಸ್ ಮೂರು ಬಂದಿಲ್ಲ ಅಂತ ನಮ್ಮ ಯಜಮಾನರು ಕಾರು ತಗೊಂಡು ಪೋರ್ಟ್ ಲೂಯಿಗೆ ಆಫೀಸಿಗೆ ಹೋದರು. ರಾಜಧಾನಿಗೆ ಬೆನ್ನಿಗೆ ಬೆಟ್ಟದ ಸಾಲು, ಎದುರಿಗೆ ಬಂದರು. ಬೆಟ್ಟದ ಮೇಲೆ ಮಳೆ ಸುರಿದರೆ ನೀರಿಗೆ ಊರೊಳಗಿನ ರಸ್ತೆಯೇ ದಾರಿ. ಮಧ್ಯಾಹ್ನದೊಳಗೆ ರಸ್ತೆ ಹೊಳೆಯಾಯಿತು. ಇವರು ಎರಡನೇ ಮಹಡಿಯಿಂದ ನೋಡುತ್ತಿದ್ದ ಹಾಗೇ ಕಾರುಗಳು ಒಂದರ ಮೇಲೊಂದು ತೇಲಿಕೊಂಡು ಹೋದವು. ನಮ್ಮದು ತೇಲಲಿಲ್ಲ, ಸೀಟಿನ ತನಕ ಮುಳುಗಿತು. ಅದರ ವಿಮೆ ಹಣಕ್ಕೆ ನಾವು ಅಲೆದ ಕಥೆ ಬೇರೆಯೇ ಇದೆ, ಬಿಡಿ.

ಆಗ ನನ್ನ ಗಡಿಯಾರದಲ್ಲಿದ್ದ ದೋಷ ಕಂಡಿತು. ಕ್ಲಾಸ್ ಲೆಕ್ಕ ಹಾಕುವುದು ಗಾಳಿಗೆ. ಮಳೆ ಆ ಗಂಟೆ ಕೇಳಿಕೊಂಡು ಬರುವುದಿಲ್ಲ. 2013ರ ಮಾರ್ಚ್ 30ರಂದು ಅದೇ ಪೋರ್ಟ್ ಲೂಯಿಯಲ್ಲಿ ನೆರೆಗೆ 11 ಜನ ಸತ್ತಾಗ ಚಂಡಮಾರುತವೇ ಇರಲಿಲ್ಲ. ದಾದಿ ಇದನ್ನು ನೂರು ಸಲ ಹೇಳಿದ್ದರು, ನಾವು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ನಮ್ಮ ಮನೆಯ ನಿಯಮ ಬೇರೆ. ಚಂಡಮಾರುತ ಹತ್ತಿರ ಇದ್ದು ಬೆಳಿಗ್ಗೆ ಮಳೆ ಬಿಡದೆ ಹೊಯ್ಯುತ್ತಿದ್ದರೆ, ಕ್ಲಾಸ್ ಎಷ್ಟೇ ಇರಲಿ, ಪೋರ್ಟ್ ಲೂಯಿಗೆ ಇಳಿಯುವುದಿಲ್ಲ. ರಜೆ ಹೋದರೆ ಹೋಯಿತು. ಕಾರನ್ನು ಮರದ ಕೆಳಗೆ ನಿಲ್ಲಿಸುವುದಿಲ್ಲ, ತಗ್ಗಿನಲ್ಲಿ ನಿಲ್ಲಿಸುವುದಿಲ್ಲ, ನೆಲಮಾಳಿಗೆಗಂತೂ ಇಳಿಸುವುದೇ ಇಲ್ಲ.

ಬೆಲಾಲ್ ದಿನ ನನ್ನ ಕಿಟಕಿಯ ಲೆಕ್ಕವೂ ತಲೆಕೆಳಗಾಯಿತು. ಅದು ನಮ್ಮ ಪಶ್ಚಿಮಕ್ಕಿದ್ದು ಆಮೇಲೆ ದಕ್ಷಿಣಕ್ಕೆ ಸುತ್ತಿ ಹೋದದ್ದರಿಂದ ಗಾಳಿ ಉತ್ತರದಿಂದ ಶುರುವಾಗಿ ಪಶ್ಚಿಮಕ್ಕೆ ತಿರುಗಿತು. ವರ್ಷವಿಡೀ ಗಾಳಿ ಕಾಣದ ಪಶ್ಚಿಮದ ಜಾರು ಕಿಟಕಿಗೆ ನಾನು ಬಟ್ಟೆಯನ್ನೇ ಇಟ್ಟಿರಲಿಲ್ಲ. ಅದರ ಹಳಿಯಲ್ಲಿ ನೀರು ತುಂಬಿ ಸೋಫಾದ ಮೇಲೆ ಧಾರೆಯಾಗಿ ಇಳಿಯಿತು.

ಮಾರನೇ ದಿನ ಬೀದಿ ತುಂಬಾ ಪೊರಕೆಯ ಸದ್ದು. ಆ ದಿನ ಮಾಡಬೇಕಾದ ಕೆಲಸ ಒಂದೇ: ಕುಂಡದ ತಟ್ಟೆ, ಟೈರು, ತೆಂಗಿನ ಚಿಪ್ಪು, ಎಲ್ಲಿ ನೀರು ನಿಂತಿದೆಯೋ ಚೆಲ್ಲಬೇಕು. ಆ ವರ್ಷ ಇಲ್ಲಿ ಡೆಂಗಿ ಜೋರಾಗಿತ್ತು, ನಮ್ಮ ಬೀದಿಯಲ್ಲೇ ಮೂವರಿಗೆ ಬಂತು. ಮೊಬೈಲ್‌ಗೆ ಸಿಗ್ನಲ್ ಬಂದ ಕೂಡಲೇ ಅಮ್ಮನ ಫೋನು. "ಮಳೆ ಜೋರನೇ ಕೂಸೆ?" ಅಂತ ಕೇಳಿದಳು. ಕಾರು ಮುಳುಗಿದ್ದು ಹೇಳಲಿಲ್ಲ. ಸೋಫಾ ಒದ್ದೆಯಾಯಿತು ಅಂದೆ.

ಪಶ್ಚಿಮದ ಕಿಟಕಿಯ ಹಳಿಯಲ್ಲಿ ನೀರು ಹೊರಹೋಗಲು ಎರಡು ಸಣ್ಣ ತೂತುಗಳಿವೆ, ಧೂಳು ಕಟ್ಟಿ ಮುಚ್ಚಿಹೋಗಿದ್ದವು. ಈಗ ಪ್ರತಿ ನವೆಂಬರ್ ಕಡ್ಡಿ ಹಾಕಿ ಬಿಡಿಸುತ್ತೇನೆ. ಆದರೂ ಜೋರು ಮಳೆಗೆ ನೀರು ಸ್ವಲ್ಪ ಒಳಗೆ ಬರುತ್ತಲೇ ಇದೆ, ರಬ್ಬರ್ ಬದಲಾಯಿಸಿದ್ದಾಯಿತು, ಸಿಲಿಕಾನ್ ಹಚ್ಚಿದ್ದೂ ಆಯಿತು. ದಾದಿಯನ್ನು ಕರೆದು ತೋರಿಸಿದೆ. ಅವರು ಕಿಟಕಿ ನೋಡಿದರು, ಸೋಫಾ ನೋಡಿದರು. "ಬೇಟಿ, ಸೋಫಾ ಆ ಕಡೆ ಇಡು" ಅಂದರು.