ಮಲೆನಾಡಿನಿಂದ ರೋಮ್‌ಗೆ: ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ

ಅಡಿಕೆ ಮನೆಗಳಿಗೆ ಉಸಿರಾಡಲು ಬಿಡುವು ಸಿಗುವುದು ಕೊಯ್ಲು, ಸುಲಿತ, ಬೇಯಿಸಿ ಒಣಗಿಸುವುದು ಎಲ್ಲ ಮುಗಿದ ಮೇಲೆ, ಮಳೆ ಹಿಡಿಯುವುದರೊಳಗೆ. ರೋಮ್ ನೋಡುವುದಕ್ಕೂ ಅದೇ ಏಪ್ರಿಲ್, ಮೇ ತಿಂಗಳು ಹದವಾದ ಕಾಲ. ಮಧ್ಯಾಹ್ನದ ಬಿಸಿಲು 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಸಂಜೆಗೆ ಒಂದು ಸ್ವೆಟರ್ ಸಾಕು. ಆಗಸ್ಟ್ ಮಾತ್ರ ಬೇಡ. ಬಿಸಿಲು 35 ಡಿಗ್ರಿ ಮುಟ್ಟುತ್ತದೆ, ಆಗಸ್ಟ್ 15ರ ಹಬ್ಬದ ಸುತ್ತಮುತ್ತ ಊರಿನವರೇ ಬಾಗಿಲು ಹಾಕಿಕೊಂಡು ಸಮುದ್ರತೀರಕ್ಕೆ ಹೋಗಿರುತ್ತಾರೆ.

ಏಪ್ರಿಲ್‌ನಲ್ಲಿ ಹೊರಡಬೇಕೆಂದರೆ ವೀಸಾ ಕೆಲಸ ಅಂಗಳದಲ್ಲಿ ಅಡಿಕೆ ಒಣಗುತ್ತಿರುವಾಗಲೇ ಶುರುವಾಗಬೇಕು. ಇಟಲಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗನ್ ವೀಸಾಕ್ಕೆ ಪ್ರಯಾಣದ 6 ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಮೊದಲು. ಆ ಗಡುವನ್ನು ನಂಬಿ ಕೂರಬೇಡಿ, ಬೇಸಿಗೆಯ ಅಪಾಯಿಂಟ್‌ಮೆಂಟುಗಳು ಬೇಗ ಮುಗಿದುಹೋಗುತ್ತವೆ. ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಿರಬೇಕು. ಪಾಸ್‌ಪೋರ್ಟ್ ಕೊಟ್ಟು 10 ವರ್ಷ ದಾಟಿರಬಾರದು, ಯುರೋಪಿನಿಂದ ಹೊರಡುವ ದಿನದ ನಂತರವೂ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು.

ಕೃಷಿಕರು ಎಡವುವುದು ಆದಾಯದ ದಾಖಲೆಯಲ್ಲಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಾದ್ದರಿಂದ ಅನೇಕರು ಐಟಿ ರಿಟರ್ನ್ಸ್ ಸಲ್ಲಿಸಿರುವುದೇ ಇಲ್ಲ. ಜೊತೆಗೆ ಅಡಿಕೆ ದುಡ್ಡು ವರ್ಷಕ್ಕೊಂದೆರಡು ಸಲ ಇಡಿಯಾಗಿ ಖಾತೆಗೆ ಬರುತ್ತದೆ. ವೀಸಾ ಅಧಿಕಾರಿಯ ಕಣ್ಣಿಗೆ ಅದು ಅರ್ಜಿಗಾಗಿ ಯಾರಿಂದಲೋ ತಂದು ತುಂಬಿದ ಹಣದಂತೆ ಕಾಣಬಹುದು. ಹಾಗಾಗಿ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಾಣುವ ಪ್ರತಿ ದೊಡ್ಡ ಜಮೆಗೂ ಒಂದು ಕಾಗದ ಇರಲಿ: ಅಡಿಕೆ ಮಾರಾಟ ಸಹಕಾರ ಸಂಘವಾದ ಮ್ಯಾಮ್‌ಕೋಸ್ ಅಥವಾ ಮಂಡಿಯ ಮಾರಾಟದ ಬಿಲ್ಲು, ಅದೇ ತಾರೀಕು, ಅದೇ ಮೊತ್ತ. ಪಹಣಿ ಕನ್ನಡದಲ್ಲಿರುವುದರಿಂದ ಇಂಗ್ಲಿಷ್ ಅನುವಾದ ಮಾಡಿಸಿ ಲಗತ್ತಿಸಿ. ತೋಟ ಯಾರ ಹೆಸರಲ್ಲಿದೆ, ಅರ್ಜಿ ಹಾಕಿದವರಿಗೆ ಅವರು ಏನಾಗಬೇಕು, ಖರ್ಚು ಯಾರದು ಎಂದು ಒಂದು ಪುಟದ ಪತ್ರವನ್ನೂ ಇಡಿ. ಜಮೀನು ಇನ್ನೂ ಅಪ್ಪನ ಹೆಸರಲ್ಲೇ ಇದ್ದು, ದುಡ್ಡು ಮಗನ ಖಾತೆಗೆ ಬರುತ್ತಿದ್ದರೆ ಆ ಪತ್ರವಿಲ್ಲದೆ ಲೆಕ್ಕ ಕೂಡುವುದೇ ಇಲ್ಲ.

ಬೆಂಗಳೂರಿಗೆ ಹಿಂದಿನ ದಿನವೇ ಹೋಗಿ ಉಳಿಯಿರಿ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣ ಬಂದಮೇಲೆ ಬೆಳಗ್ಗೆ ಇಲ್ಲಿಂದ ಹಾರಿ ಅದೇ ದಿನ ವಿದೇಶದ ವಿಮಾನ ಹಿಡಿಯುವ ಆಸೆ ಸಹಜ. ಆದರೆ ಮಂಜು, ಮಳೆ ಇದ್ದ ದಿನ ಹಾರಾಟ ತಡವಾಗುವುದು, ರದ್ದಾಗುವುದು ಎರಡೂ ಉಂಟು. ಎರಡೂ ಟಿಕೆಟ್ ಬೇರೆ ಬೇರೆಯಾಗಿ ಕೊಂಡಿದ್ದರೆ ದೊಡ್ಡ ಟಿಕೆಟ್ಟಿನ ನಷ್ಟ ಪೂರ್ತಿ ನಿಮ್ಮದೇ.

ಇನ್ನು ಚೀಲ. ಮಗ ಸೊಸೆ ಅಲ್ಲಿದ್ದಾರೆಂದು ಹೊರಡುವ ಅಮ್ಮಂದಿರ ಚೀಲದಲ್ಲಿ ಅರ್ಧ ಅಡುಗೆಮನೆಯೇ ಇರುತ್ತದೆ, ತೊಂದರೆಯೂ ಅಲ್ಲೇ. ಯುರೋಪಿಯನ್ ಒಕ್ಕೂಟದೊಳಗೆ ಹೊರದೇಶದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಪ್ರಯಾಣಿಕರ ಕೈಯಲ್ಲಿ ಹೋಗುವಂತಿಲ್ಲ. ಜಾನುವಾರು ರೋಗ ಹರಡಬಾರದೆಂದು ಮಾಡಿದ ನಿಯಮ ಅದು. ಮನೆಯದು, ಶುದ್ಧವಾದದ್ದು ಎಂಬ ಮಾತು ನಡೆಯುವುದಿಲ್ಲ. ತುಪ್ಪ, ಬೆಣ್ಣೆ, ಖೋವಾದ ಪೇಡ, ಕೋಳಿ ಅಥವಾ ಹಂದಿ ಉಪ್ಪಿನಕಾಯಿ ಸಿಕ್ಕಿಬಿದ್ದರೆ ಕಸದ ಬುಟ್ಟಿಗೆ ಹೋಗುತ್ತವೆ, ದಂಡವೂ ಬೀಳಬಹುದು. ಜೇನುತುಪ್ಪ ತಲೆಗೆ 2 ಕಿಲೋವರೆಗೆ ಒಯ್ಯಬಹುದು. ಒಣಮೀನಿಗೂ ಅಡ್ಡಿಯಿಲ್ಲ, ಆದರೆ ವಾಸನೆ ಹೊರಬರದಂತೆ ಎರಡು ಸುತ್ತು ಕಟ್ಟಬೇಕು.

ಹಸಿ ಸೊಪ್ಪು, ಹಣ್ಣು, ತರಕಾರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಕರಿಬೇವಿನ ಕಡ್ಡಿ, ವೀಳ್ಯದೆಲೆಯ ಕವಳೆ, ಮಾವಿನಹಣ್ಣು ಯಾವುದೂ ಬೇಡ. ಪ್ರಮಾಣಪತ್ರವಿಲ್ಲದೆ ಬಿಡುವ ಹಣ್ಣು ಐದೇ: ಬಾಳೆ, ತೆಂಗಿನಕಾಯಿ, ಅನಾನಸ್, ಖರ್ಜೂರ, ಡುರಿಯನ್. ಕೊಬ್ಬರಿಯ ಕಥೆ ಬೇರೆ. ಎಣ್ಣೆಯಂಶ ಹೆಚ್ಚಿರುವ ಒಣಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಅದಕ್ಕೇ ವಿಮಾನ ಸಾಗಣೆಯಲ್ಲಿ ಅದು ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ; ಬೆಂಗಳೂರಿನಲ್ಲೇ ಸ್ಕ್ಯಾನಿಂಗ್‌ನಲ್ಲಿ ಹಿಡಿದು ಚೀಲ ಬಿಚ್ಚಿಸುತ್ತಾರೆ. ದುಬೈ, ಅಬುಧಾಬಿ ಮೇಲೆ ಹೋಗಿ ಅಲ್ಲಿ ಎರಡು ದಿನ ಇಳಿದು ಊರು ನೋಡುವ ಯೋಚನೆಯಿದ್ದರೆ ಗಸಗಸೆಯನ್ನೂ ತೆಗೆದಿಡಿ. ಯುಎಇಯಲ್ಲಿ ಗಸಗಸೆ ಮಾದಕವಸ್ತುವಿನ ಲೆಕ್ಕಕ್ಕೆ ಸೇರುತ್ತದೆ, ಜೈಲಿನವರೆಗೂ ಹೋಗುವ ಅಪರಾಧ. ಎಲೆ-ಅಡಿಕೆಯ ಪಾನ್ ಸಾಮಗ್ರಿಯೂ ದುಬೈ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿದೆ. ಕವಳ ಹಾಕುವ ಹಿರಿಯರಿಗೆ ಇದು ಕಷ್ಟದ ಮಾತು, ಆದರೂ ಹೊರಡುವ ಮೊದಲೇ ಹೇಳಿ ಒಪ್ಪಿಸಬೇಕು. ಹಾಗೆಯೇ ಅಡಕತ್ತರಿ ಕೈಚೀಲದಲ್ಲಿ ಉಳಿದುಬಿಟ್ಟರೆ ಭದ್ರತಾ ತಪಾಸಣೆಯಲ್ಲಿ ಕಳೆದುಕೊಂಡಂತೆಯೇ.

ಧಾರಾಳವಾಗಿ ಒಯ್ಯಬಹುದಾದದ್ದು ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಚಟ್ನಿಪುಡಿ, ಸಾರಿನಪುಡಿ, ಅವಲಕ್ಕಿ. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ಲಗೇಜಿನೊಳಗೆ ಹೋಗಲಿ. ಗಾಜಿನ ಭರಣಿಯ ಬದಲು ಪ್ಲಾಸ್ಟಿಕ್ ಡಬ್ಬಿಗೆ ಮುಕ್ಕಾಲು ಭಾಗ ಮಾತ್ರ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಮೇಲೆ ಟೇಪ್ ಸುತ್ತಿ, ಎರಡು ಕವರಿನೊಳಗೆ ಹಾಕಿ. ಮೇಲೇರಿದಾಗ ಗಾಳಿಯ ಒತ್ತಡ ಇಳಿದು ಡಬ್ಬಿಯೊಳಗಿನ ಗಾಳಿ ಹಿಗ್ಗುತ್ತದೆ. ಕಂಠದವರೆಗೆ ತುಂಬಿದ ಡಬ್ಬಿಯ ರಸವೆಲ್ಲ ಸೀರೆ, ಪಂಚೆಗೆ ಇಳಿಯುವುದು ಹೀಗೆ.

ರೋಮ್‌ನ ಫ್ಯುಮಿಚೀನೊ ವಿಮಾನ ನಿಲ್ದಾಣದಲ್ಲಿ ಬೆರಳಚ್ಚು, ಫೋಟೊ ತೆಗೆಯುವ ಹೊಸ ಗಡಿ ವ್ಯವಸ್ಥೆ 2025ರ ಅಕ್ಟೋಬರ್‌ನಿಂದ ಜಾರಿಗೆ ಬಂದಿದೆ, ಸಾಲು ನಿಧಾನ ಸಾಗುತ್ತದೆ. ಹೊರಬಂದ ಕೂಡಲೆ ‘ಟ್ಯಾಕ್ಸಿ, ಟ್ಯಾಕ್ಸಿ’ ಎಂದು ಹತ್ತಿರ ಬರುವವರ ಹಿಂದೆ ಹೋಗಬೇಡಿ. ಅಧಿಕೃತ ಟ್ಯಾಕ್ಸಿಯ ಬಣ್ಣ ಬಿಳಿ, ಬಾಗಿಲ ಮೇಲೆ ನಗರಸಭೆಯ ಗುರುತು, ಒಳಗೆ ಮೀಟರ್, ನಿಲ್ಲುವುದು ಹೊರಗಿನ ಸಾಲಿನಲ್ಲಿ. ಹಳೆಯ ಔರೇಲಿಯನ್ ಕೋಟೆಗೋಡೆಯ ಒಳಗಿನ ಯಾವ ಜಾಗಕ್ಕಾದರೂ 55 ಯೂರೊ ನಿಗದಿ ದರ, ಅದು ಲಗೇಜೂ ಸೇರಿ. ಹತ್ತುವ ಮೊದಲೇ ಮೊತ್ತ ಹೇಳಿ ಖಚಿತ ಮಾಡಿಕೊಳ್ಳಿ. ನಾಲ್ಕು ಜನರಿದ್ದರೆ ಟ್ಯಾಕ್ಸಿಯೇ ಅಗ್ಗ, ಏಕೆಂದರೆ ಊರಿನ ಮುಖ್ಯ ರೈಲು ನಿಲ್ದಾಣ ಟೆರ್ಮಿನಿಗೆ ನೇರ ಹೋಗುವ ಲಿಯೊನಾರ್ದೊ ಎಕ್ಸ್‌ಪ್ರೆಸ್ ರೈಲಿಗೆ ತಲೆಗೆ 14 ಯೂರೊ. 8 ಯೂರೊದ ಲೋಕಲ್ ರೈಲೂ ಇದೆ, ಆದರೆ ಅದು ಟೆರ್ಮಿನಿಗೆ ಹೋಗುವುದಿಲ್ಲ. ತ್ರಾಸ್ತೇವೆರೆ, ಓಸ್ತಿಯೆನ್ಸೆ, ತಿಬುರ್ತೀನಾ ಕಡೆಯದು.

ರೋಮ್‌ನಲ್ಲಿ ಪ್ರವಾಸಿಗರ ಮೇಲೆ ಕೈಮಾಡಿ ದೋಚುವುದು ಅಪರೂಪ. ಗೊತ್ತೇ ಆಗದಂತೆ ಕಿಸೆ ಖಾಲಿಯಾಗುವುದು ಮಾತ್ರ ದಿನನಿತ್ಯದ ಸಂಗತಿ. ಟೆರ್ಮಿನಿಯಿಂದ ವ್ಯಾಟಿಕನ್ ಕಡೆ ಹೋಗುವ 64ನೇ ನಂಬರ್ ಬಸ್ಸು, ಮೆಟ್ರೊ ಎ ಲೈನಿನ ಟೆರ್ಮಿನಿ, ಸ್ಪಾನ್ಯಾ, ಒತ್ತಾವಿಯಾನೊ ನಿಲ್ದಾಣಗಳು, ಬಿ ಲೈನಿನ ಕೊಲೊಸ್ಸೇಯೊ, ಇವು ಕಿಸೆಗಳ್ಳರ ಗದ್ದೆ. ಮೆಟ್ರೊ ಬಾಗಿಲು ತೆರೆಯುತ್ತದೆ. ಮುಂದಿದ್ದ ಇಬ್ಬರು ಒಳಗೆ ಕಾಲಿಟ್ಟು ಏನೋ ಮರೆತವರಂತೆ ಅಲ್ಲೇ ನಿಲ್ಲುತ್ತಾರೆ. ಹಿಂದಿನಿಂದ ಮತ್ತಿಬ್ಬರು ತಳ್ಳುತ್ತಾರೆ. ನಡುವೆ ಸಿಕ್ಕವರು ಬೀಳದಂತೆ ಕಂಬ ಹಿಡಿಯಲು ಕೈ ಎತ್ತುತ್ತಾರೆ, ಮಡಚಿದ ಜಾಕೆಟ್ ಹಾಕಿಕೊಂಡ ತೋಳೊಂದರ ಅಡಿಯಿಂದ ಬೆರಳುಗಳು ಬರುವುದು ಆಗಲೇ. ಬಾಗಿಲು ಮುಚ್ಚುವ ಸದ್ದಾದಾಗ ಅವರೆಲ್ಲ ಹೊರಗೆ ಹಾರಿರುತ್ತಾರೆ, ಪರ್ಸು ಕಳೆದವರು ರೈಲಿನೊಳಗೆ ಉಳಿದಿರುತ್ತಾರೆ. ಒಳ್ಳೆಯ ಬಟ್ಟೆ ತೊಟ್ಟ ಹುಡುಗಿಯರೂ ಈ ಕೆಲಸದಲ್ಲಿರುತ್ತಾರೆ, ವೇಷ ನೋಡಿ ನಂಬಬೇಡಿ.

ಇದಕ್ಕೆ ಮದ್ದು: ಕಿಕ್ಕಿರಿದ ರೈಲು ಬಿಟ್ಟುಬಿಡಿ, ಐದು ನಿಮಿಷದಲ್ಲಿ ಇನ್ನೊಂದು ಬರುತ್ತದೆ. ನಮ್ಮ ಕಡೆ ಗಂಡಸರು ಫೋನು, ದುಡ್ಡನ್ನು ಅಂಗಿಯ ಎದೆಕಿಸೆಯಲ್ಲಿಡುವುದು ರೂಢಿ. ಅಲ್ಲಿ ಅದು ಅಂಗೈಯಲ್ಲಿಟ್ಟು ಚಾಚಿದಂತೆ. ಬನಿಯನ್ನಿನೊಳಗೆ ಜಿಪ್ ಇರುವ ಕಿಸೆ ಹೊಲಿಸಿಕೊಂಡು ಹೋಗುವುದು ಅಂಗಡಿಯ ಯಾವ ಚೀಲಕ್ಕಿಂತಲೂ ಭದ್ರ, ಇಲ್ಲಿಯ ಯಾವ ಟೈಲರಾದರೂ ಹೊಲಿದುಕೊಡುತ್ತಾರೆ. ಕರಿಮಣಿ ಸರ ತೆಗೆಯಲು ಮನಸ್ಸಾಗದಿದ್ದರೆ ಚಿನ್ನದ್ದನ್ನು ಮನೆಯಲ್ಲಿಟ್ಟು ಬರೀ ಕರಿಮಣಿಯ ಎಳೆ ಹಾಕಿಕೊಳ್ಳಿ. ಬೆನ್ನಚೀಲ ಬಸ್ಸಿನಲ್ಲಿ ಎದೆಗೆ ಬರಲಿ. ರಸ್ತೆಯಲ್ಲಿ ಕೈಗೆ ದಾರ ಕಟ್ಟಲು ಬರುವವರು, ಗುಲಾಬಿ ಕೊಡುವವರು, ಸಹಿ ಹಾಕಿ ಎಂದು ರಟ್ಟು ಹಿಡಿದು ಬರುವವರು, ಗ್ಲಾಡಿಯೇಟರ್ ವೇಷದಲ್ಲಿ ಫೋಟೊಗೆ ಕರೆಯುವವರು ಎಲ್ಲರೂ ಕೊನೆಗೆ ಹಣ ಕೇಳುತ್ತಾರೆ. ಕೈ ಕಟ್ಟಿಕೊಂಡು ‘ನೋ’ ಎಂದು ನಡೆಯುತ್ತಿರಿ. ನಿಂತು ಮಾತಾಡುವುದು ನಮಗೆ ಮರ್ಯಾದೆ, ಅವರಿಗೆ ಅವಕಾಶ.

ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮೊದಲಿಗೆ ಬಂದ್ ಇರುತ್ತದೆ. ಹೊರಡುವ ಮೊದಲೇ ಆ್ಯಪ್‌ನಲ್ಲಿ ತೆರೆದುಕೊಳ್ಳಿ. ಎರಡು ಕಾರ್ಡ್ ಇರಲಿ, ಇಬ್ಬರ ಬಳಿ ಬೇರೆ ಬೇರೆ. ಯಂತ್ರ ‘ರೂಪಾಯಿಯಲ್ಲಿ ಕೊಡುವಿರೊ, ಯೂರೊದಲ್ಲೊ’ ಎಂದು ಕೇಳಿದರೆ ಯಾವಾಗಲೂ ಯೂರೊ. ರೂಪಾಯಿ ಒತ್ತಿದರೆ ವಿನಿಮಯ ದರವನ್ನು ಅವರೇ ಹಾಕಿಕೊಳ್ಳುತ್ತಾರೆ. ಒಟಿಪಿ ಬರುವ ಸಿಮ್ ಇರುವ ಫೋನು ಕಳೆದರೆ ಕಾರ್ಡೂ ಕೈಕಟ್ಟಿದಂತೆ, ಆದ್ದರಿಂದ ರೋಮಿಂಗ್ ಚಾಲೂ ಇರುವ ಎರಡನೇ ಫೋನೊಂದು ಮನೆಯವರ ಬಳಿ ಇರಲಿ.

ಬಸ್ಸು, ಮೆಟ್ರೊ ಟಿಕೆಟ್ 1.50 ಯೂರೊ, 100 ನಿಮಿಷ ನಡೆಯುತ್ತದೆ, ಅದರಲ್ಲಿ ಮೆಟ್ರೊ ಪಯಣ ಒಂದೇ. ಬಸ್ ಹತ್ತಿದ ತಕ್ಷಣ ಯಂತ್ರಕ್ಕೆ ಹಾಕಿ ಮುದ್ರೆ ಒತ್ತಿಸದಿದ್ದರೆ ಕೈಯಲ್ಲಿ ಟಿಕೆಟ್ ಇದ್ದರೂ ದಂಡವೇ. ಕೊಲೊಸ್ಸಿಯಮ್ ಟಿಕೆಟ್ 18 ಯೂರೊ. ಅದರಲ್ಲಿ ಹೆಸರು ಮುದ್ರಿತವಾಗಿರುವುದರಿಂದ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ತುಂಬಿ. ಇನಿಶಿಯಲ್ ಬಿಡಿಸಿ ಬರೆಯುವ ನಮ್ಮ ಅಭ್ಯಾಸ ಇಲ್ಲಿ ತೊಡಕು. ವ್ಯಾಟಿಕನ್ ಮ್ಯೂಸಿಯಮ್ಮುಗಳಿಗೆ ಭಾನುವಾರ ರಜೆ, ತಿಂಗಳ ಕೊನೆಯ ಭಾನುವಾರ ಮಾತ್ರ ಉಚಿತ ಪ್ರವೇಶ, ಆದರೆ ಅಂದಿನ ಸಾಲು ನೋಡಿದರೆ ದುಡ್ಡು ಕೊಟ್ಟು ಬೇರೆ ದಿನ ಹೋಗುವುದೇ ಲೇಸು. ಸಂತ ಪೀಟರ್ ಬೆಸಿಲಿಕಾಕ್ಕೆ ಭುಜ, ಮಂಡಿ ಮುಚ್ಚಿರಬೇಕು. ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ ಕುಳಿತುಕೊಳ್ಳುವುದನ್ನು 2019ರಲ್ಲಿ ನಿಷೇಧಿಸಿದ್ದಾರೆ, ದಂಡ 250 ಯೂರೊ ಮುಟ್ಟುತ್ತದೆ; ಬುತ್ತಿ ಬಿಚ್ಚುವ ಜಾಗ ಅದಲ್ಲ. ಹೋಟೆಲಿನ ಬಾಡಿಗೆಯಲ್ಲದೆ ನಗರ ತೆರಿಗೆ ಬೇರೆ ಇದೆ, ಮೂರು ತಾರೆಯ ಹೋಟೆಲಿನಲ್ಲಿ ತಲೆಗೆ ರಾತ್ರಿಯೊಂದಕ್ಕೆ 6 ಯೂರೊ. ಅದು ಮೋಸವಲ್ಲ, ರಸೀದಿ ಪಡೆಯಿರಿ.

ಸಸ್ಯಾಹಾರಿಗಳು ತಿಳಿದಿರಲೇಬೇಕಾದದ್ದು: ಪಾರ್ಮೆಜಾನ್ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವದಿಂದ, ಪೆಕೊರೀನೊ ರೊಮಾನೊ ಚೀಸನ್ನು ಕುರಿಮರಿಯದರಿಂದ ಹೆಪ್ಪುಗಟ್ಟಿಸುತ್ತಾರೆ. ಅಲ್ಲಿಯವರ ಲೆಕ್ಕದಲ್ಲಿ ಇವು ಮಾಂಸವಲ್ಲ, ಆದ್ದರಿಂದ ‘ವೆಜ್’ ಎಂದು ಕೇಳಿದರೂ ಮೇಲೆ ಉದುರಿಸಿ ತರುತ್ತಾರೆ. ಕಾರ್ಬೊನಾರಾ, ಅಮಾತ್ರಿಚಾನಾ ಎಂಬ ಪಾಸ್ತಾ ಎರಡರಲ್ಲೂ ಹಂದಿಯ ಕೆನ್ನೆಯ ಮಾಂಸವಿದೆ. ನೋಡಲು ನಮ್ಮ ಬೋಂಡಾದಂತಿರುವ ಸುಪ್ಲಿಯ ಅನ್ನದಲ್ಲೂ ಸಾಮಾನ್ಯವಾಗಿ ಮಾಂಸದ ಸಾಸ್ ಬೆರೆತಿರುತ್ತದೆ. ನಿಶ್ಚಿಂತೆಯಿಂದ ತಿನ್ನಬಹುದಾದದ್ದು ಪಿಜ್ಜಾ ಮರಿನಾರಾ, ಅದಕ್ಕೆ ಟೊಮೇಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಅಷ್ಟೇ. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶ್ಶೆ, ಸೆಂತ್ಸಾ ಫೋರ್ಮಾಜ್ಜೊ’ ಅಂದರೆ ಮಾಂಸ, ಮೀನು, ಚೀಸ್ ಬೇಡ. ಅಕ್ಕಿ, ಬೇಳೆ, ಸಾಸಿವೆ ಟೆರ್ಮಿನಿ ಬಳಿಯ ಪಿಯಾತ್ಸಾ ವಿತ್ತೋರಿಯೊ ಸುತ್ತಲಿನ ಅಂಗಡಿಗಳಲ್ಲಿ ಸಿಗುತ್ತವೆ, ಅಷ್ಟು ದೂರದಿಂದ ಅಕ್ಕಿ ಹೊರುವುದು ಬೇಡ. ಮೀನು ತಿನ್ನುವವರು ಮೆನುವಿನಲ್ಲಿ ‘ಎತ್ತೊ’ ಎಂಬ ಪದ ಕಂಡರೆ ತಡೆಯಿರಿ. ಆ ದರ 100 ಗ್ರಾಮಿಗೆ, ಇಡೀ ಮೀನಿಗಲ್ಲ. ಕಾಫಿ ನಿಂತು ಕುಡಿದರೆ ಒಂದು ದರ, ಮೇಜಿಗೆ ಕೂತರೆ ಎರಡು ಮೂರು ಪಟ್ಟು.

ನೀರಿಗೆ ದುಡ್ಡು ಕೊಡಬೇಡಿ. ಬೀದಿಬೀದಿಯಲ್ಲಿ ಸೊಂಟದೆತ್ತರದ ಕಬ್ಬಿಣದ ಕಂಬಗಳಿವೆ, ಬಾಗಿದ ಮೂಗಿನಂಥ ಕೊಳವೆಯಿಂದ ನಮ್ಮ ಅಬ್ಬಿ ನೀರಿನಂತೆ ಹಗಲಿರುಳು ತಣ್ಣಗೆ ಸುರಿಯುತ್ತಿರುತ್ತದೆ. ಅವನ್ನು ‘ನಾಜೋನೆ’ ಅನ್ನುತ್ತಾರೆ. ಕೊಳವೆಯ ತುದಿಯನ್ನು ಬೆರಳಿನಿಂದ ಒತ್ತಿ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಕಮಾನಾಗಿ ಚಿಮ್ಮುತ್ತದೆ, ಹಾಗೇ ಬಾಯಿಟ್ಟು ಕುಡಿಯಬಹುದು. ಹಳೆಯ ರಸ್ತೆಗಳಿಗೆ ಹಾಸಿದ್ದು ಕರಿಗಲ್ಲಿನ ತುಂಡುಗಳು. ಮಳೆಗೆ ನೆನೆದರೆ ಪಾಚಿ ಕಟ್ಟಿದ ಅಂಗಳದಷ್ಟೇ ಜಾರುತ್ತವೆ, ಚಪ್ಪಲಿ ಸಾಲದು, ಹಿಡಿತವಿರುವ ಶೂ ಬೇಕು. ಸೂಟ್‌ಕೇಸಿನ ಸಣ್ಣ ಚಕ್ರಗಳು ಅಲ್ಲೇ ಮುರಿಯುವುದು.

ಹೊರಡುವ ವಾರ ‘ಶೊಪೆರೊ’ ಅಂದರೆ ಮುಷ್ಕರ ಇದೆಯೆ ನೋಡಿಕೊಳ್ಳಿ, ಬಹಳ ಸಲ ಅದು ಶುಕ್ರವಾರ. ಆ ದಿನವೂ ಬೆಳಗ್ಗೆ 8.30ರವರೆಗೆ, ಸಂಜೆ 5ರಿಂದ 8ರವರೆಗೆ ಊರಿನ ಬಸ್ಸು, ಮೆಟ್ರೊ ಓಡಿಸಲೇಬೇಕೆಂಬ ನಿಯಮವಿದೆ. ಊರೊಳಗೆ ಕಾರು ಓಡಿಸುವ ಸಾಹಸ ಬೇಡ. ನಿರ್ಬಂಧಿತ ವಲಯದ ಕ್ಯಾಮೆರಾ ಹಿಡಿದ ದಂಡ ನೀವು ಮನೆ ಸೇರಿದ ತಿಂಗಳುಗಳ ಮೇಲೆ ಬರುತ್ತದೆ.

ಪಾಸ್‌ಪೋರ್ಟ್ ಹೋದರೆ ಮೊದಲು ಹತ್ತಿರದ ಪೊಲೀಸ್ ಅಥವಾ ಕಾರಬಿನಿಯೇರಿ (ಅಲ್ಲಿಯ ಇನ್ನೊಂದು ಪೊಲೀಸ್ ಪಡೆ) ಠಾಣೆಯಲ್ಲಿ ‘ದೆನುಂಚಾ’ ಎಂಬ ದೂರಿನ ಪ್ರತಿ ಪಡೆಯಿರಿ. ಅದಿಲ್ಲದೆ ಮುಂದಿನ ಹೆಜ್ಜೆ ಇಲ್ಲ. ಆಮೇಲೆ ವಿಯಾ ವೆಂತಿ ಸೆತ್ತೆಂಬ್ರೆಯ 5ನೇ ನಂಬರಿನ ಭಾರತೀಯ ರಾಯಭಾರ ಕಚೇರಿ. ಪಾಸ್‌ಪೋರ್ಟಿನ ಮೊದಲ, ಕೊನೆಯ ಪುಟ ಮತ್ತು ವೀಸಾ ಪುಟದ ನಕಲು, ನಾಲ್ಕು ಫೋಟೊಗಳನ್ನು ಲಗೇಜಿನ ತಳದಲ್ಲಿಟ್ಟುಕೊಂಡು, ಇನ್ನೊಂದು ಸೆಟ್ಟನ್ನು ಊರಿನಲ್ಲಿ ಫೋನ್ ಎತ್ತುವ ಯಾರಾದರೊಬ್ಬರ ಕೈಗೆ ಕೊಟ್ಟು ಹೊರಡಿ. ಅಪಘಾತ, ಕಳವು, ಅನಾರೋಗ್ಯ ಯಾವುದಕ್ಕಾದರೂ ಅಲ್ಲಿಯ ನಂಬರ್ ಒಂದೇ, 112.